‘ಪುಟ್ ಅಪ್’ ಎಂಬ ಇಂಗ್ಲೀಷು ಕ್ರಿಯಾಪದದ ವಿಚಾರ

ನಮ್ಮ ಶಾಲೆಯ ಮೇಲ್ತರಗತಿಗಳ ಹುಡುಗಿಯರನ್ನು ಕರೆದು, ಇಂಗ್ಲೀಷು ಭಾಷೆಯಲ್ಲಿ ನಿಮಗೆ ಅತ್ಯಂತ ತೊಡಕಾಗಿ ಕಾಣುವುದು ಯಾವುದೆಂದು ಕೇಳಿದರೆ, ಅವರು ಉದ್ದುದ್ದವಾದ ಶಬ್ದಗಳನ್ನು ಹೇಳುವುದಿಲ್ಲ. ಉದ್ದವಾದ ಶಬ್ದವನ್ನು ಬಾಯಿಪಾಠ ಮಾಡಿದರೆ ತೀರಿತು; ಅದರ ಅರ್ಥವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹುಡುಗಿಯರನ್ನು ಕಾಡತಕ್ಕವುಗಳು ಪುಟ್, ಗೆಟ್, ಟೇಕ್, ಗಿವ್ ಎಂಬ ಪುಟ್ಟ ಪುಟ್ಟ ಕ್ರಿಯಾಪದಗಳು. ಅವುಗಳ ಬಾಲಕ್ಕೆ ಅಂಟಿಕೊಂಡು ಬರುವ ಅಪ್, ಔಟ್, ಆಫ್, ವಿತ್ ಎಂಬ ಅದಕ್ಕಿಂತಲೂ ಪುಟ್ಟ ಅವ್ಯಯಗಳು. ಇವೆರಡೂ ಬೇರೆಬೇರೆಯಾಗಿದ್ದಾಗ ಮೂರನೆಯ ತರಗತಿಯ ಮಗುವೂ ಅರ್ಥ ಹೇಳೀತು. ಕೂಡಿದೊಡನೆಯೇ ಯಾರಿಗೂ ತಿಳಿಯದ ಹೊಸದೊಂದು ಅರ್ಥವು ಹುಟ್ಟಿಬಿಡುತ್ತದೆ.

ಈ ತೊಡಕು ನಮ್ಮ ಹುಡುಗಿಯರಿಗೆ ಮಾತ್ರವೇ ಉಂಟಾದುದೆಂದು ಯಾರೂ ಸಂಕೋಚಪಡಬೇಕಾದುದಿಲ್ಲ. 1755ರಲ್ಲಿ ತಮ್ಮ ಮಹಾ ನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಸಾಮ್ಯುಯೆಲ್ ಜಾನ್ಸನ್ನರು ಅದರ ಪೀಠಿಕೆಯಲ್ಲಿಯೇ ಈ ಬಗೆಯ ಕ್ರಿಯಾಪದಗಳನ್ನು ಪ್ರತ್ಯೇಕವಾಗಿ ಎತ್ತಿ ಹೇಳಿ, ಪರದೇಶದವರಿಗೆ ಎಲ್ಲಕ್ಕಿಂತಲೂ ಕಷ್ಟವಾಗುವುದು ಇವೇ ಎಂದು ಒಪ್ಪಿಕೊಂಡಿದ್ದಾರೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಬಂದುದಾದರೋ ಬಹಳ ತಡವಾಗಿ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬವರು 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೆಸರನ್ನು ಬಳಸಿದರು. ಅದನ್ನು ಅವರಿಗೆ ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲೀ ಎಂಬವರು. ಹೆಸರಿಲ್ಲದೆಯೇ ನೂರಾರು ವರ್ಷ ಬಾಳಿದ ಈ ಕ್ರಿಯಾಪದಗಳಲ್ಲಿ ಒಂದನ್ನು ಮಾತ್ರ ಈ ಸಂಚಿಕೆಗಾಗಿ ಆರಿಸಿಕೊಂಡಿದ್ದೇನೆ. ಅದು ‘ಪುಟ್ ಅಪ್’. ಇದನ್ನೇ ಏಕೆ ಆರಿಸಿಕೊಂಡೆನೆಂಬುದು ಮುಂದೆ ತಿಳಿದುಬರುವುದು. ಅದರಲ್ಲಿ ನನ್ನ ಸ್ವಂತ ಋಣವೂ ಸ್ವಲ್ಪ ಸೇರಿದೆ.

ಮೊದಲು ಧಾತುವನ್ನು ನೋಡೋಣ. ಪುಟ್ ಎಂಬುದಕ್ಕೆ ಪ್ರಾಚೀನ ಇಂಗ್ಲೀಷಿನಲ್ಲಿ ನೂಕು, ತಳ್ಳು ಎಂಬ ಅರ್ಥವಿದ್ದಿತು. ಕಾಲಕ್ರಮದಲ್ಲಿ ಆ ಬಲಾತ್ಕಾರವು ತಗ್ಗಿ, ಇಡು, ಹಾಕು, ಇರಿಸು ಎಂಬ ಸಾಧು ಅರ್ಥವು ನೆಲೆಗೊಂಡಿತು. ಅಪ್ ಎಂದರೆ ಮೇಲೆ, ಮೇಲಕ್ಕೆ. ಇವೆರಡನ್ನು ಕೂಡಿಸಿದರೆ ‘ಮೇಲಕ್ಕೆ ಇಡು’ ಎಂದಾಗಬೇಕು. ನಮ್ಮ ಹುಡುಗಿಯರು ಇಲ್ಲಿಯವರೆಗೆ ಸರಿಯಾಗಿಯೇ ಬರುವರು. ಇಲ್ಲಿಂದ ಮುಂದೆ ದಾರಿ ತಪ್ಪುವರು. ತಪ್ಪಬೇಕಾದ ಕಾರಣವಿಲ್ಲವೆಂಬುದೇ ನನ್ನ ವಾದ. ಏಕೆಂದರೆ ಈ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಊಟವಾದ ಮೇಲೆ ತಾಯಿಯು ಮಗಳಿಗೆ ಏನೆನ್ನುವಳು? ‘ಆ ಪಾತ್ರೆ ಎತ್ತಿಡಮ್ಮ’ ಎನ್ನುವಳು. ಎತ್ತು ಎಂಬ ಧಾತುವಿನ ಭೂತನ್ಯೂನವಾದ ‘ಎತ್ತಿ’ ಎಂಬುದರ ಮುಂದೆ ‘ಇಡು’ ಸೇರಿ ಎತ್ತಿಡು ಆಯಿತು. ಎತ್ತುವುದರಲ್ಲಿ ಅಪ್ ಇದೆ. ಇಡುವುದರಲ್ಲಿ ಪುಟ್ ಇದೆ. ಇಂಗ್ಲೀಷಿನವರು ದಿಕ್ಕನ್ನು ಹಿಂದೆ ಹೇಳುವರು, ನಾವು ಮುಂದೆ ಹೇಳುವೆವು, ಭೇದವು ಇಷ್ಟೇ. ಪಾವಗಡದ ಕಡೆಯಿಂದ ಬಂದ, ತೆಲುಗು ಮನೆಮಾತಿನ ಹುಡುಗಿಯರು ಇದನ್ನೇ ‘ಎತ್ತಿಪೆಟ್ಟು’ ಎನ್ನುವರು.

ಎತ್ತಿಡು ಎಂದರೆ ಬರಿಯ ಮೇಲಕ್ಕೆ ಇಡುವುದಲ್ಲವೆಂಬುದನ್ನು ಯಾವ ಕನ್ನಡ ಹುಡುಗಿಗೂ ಹೇಳಿಕೊಡಬೇಕಾಗಿಲ್ಲ. ಪಾತ್ರೆಯನ್ನು ನೆಲಮಾಳಿಗೆಯಲ್ಲಿ ಇಟ್ಟರೂ ಎತ್ತಿಟ್ಟಂತೆಯೇ. ಹೊರಗೆ ಬಿದ್ದಿದ್ದುದನ್ನು ಅದರ ಸ್ಥಾನಕ್ಕೆ ಸೇರಿಸುವುದು, ಕಾಪಾಡಿ ಇಡುವುದು, ಮುಂದಕ್ಕೆಂದು ಕೂಡಿಡುವುದು, ಇವೆಲ್ಲವೂ ಆ ಒಂದು ಮಾತಿನೊಳಗಿವೆ. ಇಂಗ್ಲೀಷಿನ ಪುಟ್ ಅಪ್ ಎಂಬುದಕ್ಕೂ ಪೂರ್ವದಲ್ಲಿ ಇದೇ ಅರ್ಥವು ಮುಖ್ಯವಾಗಿದ್ದಿತು. ವ್ಯಾಪಾರಿಯು ಸರಕನ್ನು ಗಂಟುಕಟ್ಟಿ ಇಡುವುದು ಪುಟ್ ಅಪ್. ಹಣವನ್ನು ಚೀಲಕ್ಕೆ ಸೇರಿಸುವುದು ಪುಟ್ ಅಪ್. ಗೃಹಿಣಿಯು ಹಣ್ಣುಗಳನ್ನು ಸಕ್ಕರೆಯಲ್ಲಿಯೂ ಕಾಯಿಗಳನ್ನು ಹುಳಿರಸದಲ್ಲಿಯೂ ಹಾಕಿ ವರ್ಷಕ್ಕಾಗುವಂತೆ ಭದ್ರಪಡಿಸುವುದೂ ಪುಟ್ ಅಪ್; ಅಮೆರಿಕಾದ ಹಳ್ಳಿಗಾಡಿನಲ್ಲಿ ಈ ಬಳಕೆಯು ಇನ್ನೂ ಜೀವಂತವಾಗಿದೆ. ನಾವು ಮಾಗಿಯ ಕೊನೆಯಲ್ಲಿ ಹುಣಸೇಹಣ್ಣು ಕುಟ್ಟಿ, ಬೀಜ ತೆಗೆದು, ಉಪ್ಪು ಬೆರಸಿ ಮಡಕೆಯಲ್ಲಿ ಅದುಮಿ ಎತ್ತಿಡುತ್ತೇವಲ್ಲವೇ, ಅದನ್ನು ಇಂಗ್ಲೀಷಿಗೆ ತಿರುಗಿಸಬೇಕಾದರೆ ಇದಕ್ಕಿಂತ ಒಪ್ಪುವ ಮಾತು ಬೇರೆ ಸಿಕ್ಕಲಾರದು.

ಇನ್ನು ಕತ್ತಿ. ಹಿಂದಿನ ಕಾಲದ ಗಂಡಸರು ಸೊಂಟದಲ್ಲಿ ಕತ್ತಿಯನ್ನು ಕಟ್ಟಿಕೊಂಡೇ ತಿರುಗುತ್ತಿದ್ದರು. ಹಿರಿದ ಕತ್ತಿಯನ್ನು ಮರಳಿ ಒರೆಗೆ ಸೇರಿಸುವುದಕ್ಕೂ ಪುಟ್ ಅಪ್ ಎಂದೇ ಹೇಳುತ್ತಿದ್ದರು. 1526ರಲ್ಲಿ ವಿಲಿಯಂ ಟಿಂಡೇಲರು ಹೊಸ ಒಡಂಬಡಿಕೆಯನ್ನು ಇಂಗ್ಲೀಷಿಗೆ ತಂದಾಗಲೂ, 1611ರಲ್ಲಿ ಜೇಮ್ಸ್ ದೊರೆಯ ಕಾಲದ ಪಂಡಿತರು ಸಮಗ್ರ ಬೈಬಲನ್ನು ಹೊರತಂದಾಗಲೂ, ಗೆತ್ಸೇಮನೆಯ ತೋಟದಲ್ಲಿ ಪೇತ್ರನು ಕತ್ತಿಯನ್ನು ಹಿರಿದ ಸಂದರ್ಭಕ್ಕೆ ಇದೇ ಕ್ರಿಯಾಪದವನ್ನು ಬಳಸಿದರು. ಯೋಹಾನನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯವನ್ನು ಹಳೆಯ ಇಂಗ್ಲೀಷು ಬೈಬಲಿನಲ್ಲಿ ತೆಗೆದು ನೋಡಿದರೆ ನಿಮ್ಮ ಕಣ್ಣಿಗೇ ಬೀಳುವುದು. ಈಚಿನ ಅನುವಾದಗಳಲ್ಲಿ ಅಪ್ ಎಂಬುದು ಅಲ್ಲಿಂದ ಜಾರಿಹೋಗಿದೆ. ಕತ್ತಿ ಕಟ್ಟುವ ಪದ್ಧತಿಯೊಡನೆ ಆ ಮಾತೂ ಹೋಯಿತು. ನಮ್ಮ ಹುಡುಗಿಯರಲ್ಲಿ ಕೆಲವರು ಆ ವಾಕ್ಯವನ್ನು ಓದಿ, ಕತ್ತಿಯನ್ನು ಮೇಲಕ್ಕೆತ್ತೆಂದು ಸ್ವಾಮಿಯು ಅಪ್ಪಣೆ ಕೊಟ್ಟನೆಂಬುದಾಗಿ ತಿಳಿದುಕೊಂಡುದನ್ನು ನಾನೇ ಕೇಳಿದ್ದೇನೆ. ಒಂದು ಅವ್ಯಯವು ತಪ್ಪಿದುದರಿಂದ ಸುವಾರ್ತೆಯೇ ತಲೆಕೆಳಗಾಯಿತು! ಎತ್ತಿಡು ಎಂಬ ನಮ್ಮ ಮಾತನ್ನು ಜ್ಞಾಪಿಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ.

ಕತ್ತಿಯನ್ನು ಒರೆಗೆ ಸೇರಿಸುವುದರಿಂದಲೂ, ಹಣವನ್ನು ಜೇಬಿಗೆ ಸೇರಿಸುವುದರಿಂದಲೂ ಮುಂದಿನ ಅರ್ಥವು ಹುಟ್ಟಿತು. ಒಬ್ಬನು ಇನ್ನೊಬ್ಬನಿಗೆ ಅವಮಾನ ಮಾಡಿದನೆಂದಿಟ್ಟುಕೊಳ್ಳಿ. ಅವಮಾನಕ್ಕೊಳಗಾದವನು ಕತ್ತಿಯನ್ನು ಹಿರಿಯಬಹುದು. ಅಥವಾ ಹಿರಿಯದೆ ಅವಮಾನವನ್ನೇ ಎತ್ತಿ ಒಳಗಿಟ್ಟುಕೊಳ್ಳಬಹುದು. ಈ ಎರಡನೆಯದನ್ನು ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲೀಷರು ‘ಅವಮಾನವನ್ನು ಪುಟ್ ಅಪ್ ಮಾಡುವುದು’ ಎಂದು ಹೇಳಿದರು. ಷೇಕ್ಸ್‌ಪಿಯರನ ‘ಒಥೆಲೋ’ ನಾಟಕದಲ್ಲಿ ರೊಡರಿಗೋ ಎಂಬ ಮೂಢನು, ತಾನು ಮೋಸಹೋದುದನ್ನು ಇನ್ನು ಮೇಲೆ ಸುಮ್ಮನೆ ನುಂಗಿಕೊಂಡಿರುವವನಲ್ಲವೆಂದು ಇಯಾಗೋವಿನೆದುರು ಹಾರಾಡುವ ಕಡೆಯಲ್ಲಿ ಈ ಪ್ರಯೋಗವಿದೆ. ಅಲ್ಲಿ ವಿತ್ ಇಲ್ಲ. (ಈ ನಾಟಕವೇ ಮೈಸೂರಿನ ಬಸಪ್ಪಶಾಸ್ತ್ರಿಗಳ ಕೈಯಲ್ಲಿ ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ಬಂದಿತೆಂಬುದನ್ನು ದೊಡ್ಡ ತರಗತಿಯವರು ಬಲ್ಲರು.) ಜಾನ್ಸನ್ನರ ನಿಘಂಟಿನಲ್ಲಿಯೂ ಪುಟ್ ಅಪ್ ಎಂಬುದಕ್ಕೆ, ಸೇಡು ತೀರಿಸಿಕೊಳ್ಳದೆ ಬಿಟ್ಟುಬಿಡುವುದೆಂಬ ಅರ್ಥವನ್ನು ಕೊಟ್ಟಿದೆ. ವಿತ್ ಎಂಬ ಬಾಲವು ಹದಿನೆಂಟನೆಯ ಶತಮಾನದಲ್ಲಿ ಬಂದು ಅಂಟಿಕೊಂಡಿತು. ಅಂದಿನಿಂದ ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ, ತಾಳಿಕೊ ಎಂದಾಯಿತು. ಕತ್ತಿಯೂ ಒರೆಯೂ ಮಾತಿನಿಂದ ಅಳಿಸಿಹೋದವು.

ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕೆಂದು ತೋರುತ್ತದೆ. ನಿಘಂಟುಗಳಲ್ಲಿ ಪುಟ್ ಅಪ್ ವಿತ್ ಎಂಬುದಕ್ಕೆ ‘ಸಹಿಸು’ ಎಂದು ಒಂದೇ ಮಾತನ್ನು ಬರೆದು ಮುಗಿಸಿರುವುದುಂಟು. ನಮ್ಮಲ್ಲಾದರೋ ಸಹನೆಗೆ ಮಾತುಗಳು ಒಂದೆರಡಲ್ಲ. ತಾಳು ಎಂದರೆ ಹೊರುವುದು. ಬಸುರಿಯು ಗರ್ಭವನ್ನು ತಾಳುವಳು, ಕಂಬವು ಭಾರವನ್ನು ತಾಳುವುದು. ಸೈರಿಸು ಎಂಬಲ್ಲಿ ಕಾಲಕ್ಕಾಗಿ ಕಾಯುವ ಭಾವವಿದೆ. ನುಂಗಿಕೊ ಎಂಬಲ್ಲಿ ಕಹಿಯಿದೆ. ಅವುಡುಗಚ್ಚು ಎಂಬಲ್ಲಿ ನೋವು ಕಾಣುತ್ತದೆ. ಇವೆಲ್ಲಕ್ಕಿಂತಲೂ ಪುಟ್ ಅಪ್ ಎಂಬುದಕ್ಕೆ ಸಮೀಪವಾದುದು ‘ಹೊಟ್ಟೆಗೆ ಹಾಕಿಕೊ’ ಎಂಬುದು. ಮದುವೆಯಾದ ಮೇಲೆ ಹೆಣ್ಣನ್ನು ಒಪ್ಪಿಸಿಕೊಡುವಾಗ ತಾಯಿಯು ಬೀಗಿತಿಯ ಕೈ ಹಿಡಿದು, ‘ಮಗು ಏನಾದರೂ ತಪ್ಪು ಮಾಡಿದರೆ ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಬೇಡಿಕೊಳ್ಳುವಳು. ಇಂಗ್ಲೀಷರು ಅವಮಾನವನ್ನು ಒರೆಗೋ ಜೇಬಿಗೋ ಹಾಕಿದರು. ನಾವು ಹೊಟ್ಟೆಗೆ ಹಾಕಿದೆವು. ಹೊಟ್ಟೆಗೆ ಬಿದ್ದುದು ಜೀರ್ಣವಾಗುವುದು, ಮರಳಿ ಬಾರದು. ಒರೆಗೆ ಬಿದ್ದುದು ಮಾತ್ರ ಅಲ್ಲಿಯೇ ಇರುವುದು. ಬೇಕಾದಾಗ ಮತ್ತೆ ಹಿರಿಯಬಹುದು. ಆದಕಾರಣ ನಮ್ಮ ಮಾತಿನಲ್ಲಿ ಕ್ಷಮೆಯು ಹೆಚ್ಚು, ಅವರ ಮಾತಿನಲ್ಲಿ ಎಚ್ಚರವು ಹೆಚ್ಚು ಎಂದು ನಾನು ತಿಳಿದಿರುವೆನು. ಇದು ನನ್ನ ಅಭಿಪ್ರಾಯ, ಪರೀಕ್ಷೆಯಲ್ಲಿ ಬರೆಯಬೇಕಾದುದಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ಕತ್ತಿಯಿಲ್ಲದವನು ಕತ್ತಿಯನ್ನು ಒರೆಗೆ ಸೇರಿಸುವುದು ಹೇಗೆ? ಮೂಲದಲ್ಲಿ ಈ ಮಾತು ಎದುರುತ್ತರ ಕೊಡಬಲ್ಲವನಾಗಿದ್ದೂ ಕೊಡದೆ ಬಿಟ್ಟವನಿಗೆ ಸಲ್ಲುತ್ತಿತ್ತು. ಇಂದಿಗೂ ಇಂಗ್ಲೀಷು ಬಲ್ಲವರ ಬಾಯಲ್ಲಿ ಇದು ಹೆಚ್ಚಾಗಿ ನಿಷೇಧರೂಪದಲ್ಲಿ, ‘ನಾನು ಇದನ್ನು ಸಹಿಸತಕ್ಕವನಲ್ಲ’ ಎಂಬಂತೆ ಬರುತ್ತದೆ. ಹೀಗಿರಲಾಗಿ, ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯೊಂದಕ್ಕೆ ಬಂದ ವ್ಯಾಕರಣದ ಕೈಪಿಡಿಯೊಂದರಲ್ಲಿ, ಹೆಂಡತಿಯಾದವಳು ಗಂಡನ ಕೋಪವನ್ನೂ ಸೊಸೆಯಾದವಳು ಅತ್ತೆಯ ನಿಂದೆಯನ್ನೂ ಪುಟ್ ಅಪ್ ವಿತ್ ಮಾಡಬೇಕೆಂಬ ಎರಡು ವಾಕ್ಯಗಳನ್ನು ಉದಾಹರಣೆಯಾಗಿ ಅಚ್ಚುಮಾಡಿದ್ದಿತು. ವ್ಯಾಕರಣವು ಶುದ್ಧವಾಗಿಯೇ ಇದ್ದಿತು. ನಾನು ಆ ಎರಡನ್ನೂ ಕೆಂಪು ಶಾಯಿಯಿಂದ ಹೊಡೆದುಹಾಕಿ, ಮಳೆ, ಧೂಳು, ಮೋಟಾರು ಗಾಡಿಯ ತಡ ಇವುಗಳನ್ನು ಸಹಿಸಿಕೊಳ್ಳುವ ವಾಕ್ಯಗಳನ್ನು ಬರೆಯಿಸಿದೆನು. ಹುಡುಗಿಯೊಬ್ಬಳು ಎದ್ದು, ‘ಏಕೆ ಹೊಡೆದುಹಾಕಿದಿರಿ ಟೀಚರ್, ವಾಕ್ಯ ಸರಿಯಾಗಿದೆಯಲ್ಲ?’ ಎಂದು ಕೇಳಿದಳು. ‘ವಾಕ್ಯ ಸರಿಯಾಗಿದೆ, ಕೂತುಕೋ’ ಎಂದೆನು.

ಈಗ ಪುಟ್ ಅಪ್ ಎಂಬುದರ ಉಳಿದ ಅರ್ಥಗಳನ್ನು ಸ್ವಲ್ಪ ವೇಗವಾಗಿ ನೋಡಿ ಬರೋಣ.

ಬೇಟೆಗಾರರು ಪೊದೆಯಲ್ಲಿ ಅಡಗಿದ ಮೊಲವನ್ನೋ ಗೌಜಲಹಕ್ಕಿಯನ್ನೋ ಹೊರಡಿಸುವುದಕ್ಕೆ ಪುಟ್ ಅಪ್ ಎನ್ನುವರು. ನಮ್ಮ ಹಳ್ಳಿಯವರು ‘ಮೊಲ ಎಬ್ಬಿಸಿದರು’ ಎನ್ನುವುದು ಇದೇ. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಗಿದೆ. ಅಲ್ಲಿ ಯಾವ ಪ್ರಾಣಿಯನ್ನೂ ಯಾರೂ ಪುಟ್ ಅಪ್ ಮಾಡಕೂಡದೆಂಬುದು ಕಾನೂನು. ಮನೆಯನ್ನೋ ಗೋಡೆಯನ್ನೋ ಎಬ್ಬಿಸುವುದೂ ಪುಟ್ ಅಪ್. ದೊಡ್ಡೇರಿ ಎಂಬ ಹೆಸರಿನೊಳಗೇ ಏರಿ ಎಂಬ ಮಾತಿದೆ. ಏರಿ ಎಂದರೆ ಕೆರೆಯ ಕಟ್ಟೆ, ಅದು ಏರು ಎಂಬ ಧಾತುವಿಗೆ ಸೇರಿದುದು. ದೊಡ್ಡ ಎಂಬುದರ ಕೊನೆಯ ಅಕಾರವು ಲೋಪಸಂಧಿಯಿಂದ ಬಿದ್ದುಹೋಗಿ ದೊಡ್ಡೇರಿಯಾಯಿತು. ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಇಂತಹ ಏರಿಗಳನ್ನು ಎಬ್ಬಿಸಿದವರ ಕೆಲಸವನ್ನು ಇಂಗ್ಲೀಷಿನಲ್ಲಿ ಹೇಳಬೇಕಾದರೂ ಪುಟ್ ಅಪ್ ಸಾಕು.

ವಸ್ತುವನ್ನು ಹರಾಜಿಗಿಡುವುದು, ಚುನಾವಣೆಗೆ ಉಮೇದುವಾರನನ್ನು ನಿಲ್ಲಿಸುವುದು, ಕಾರ್ಯವೊಂದಕ್ಕೆ ಹಣವನ್ನು ಒದಗಿಸುವುದು, ಬೆಲೆಯನ್ನು ಏರಿಸುವುದು, ಇವೂ ಪುಟ್ ಅಪ್. ದೇವರಿಗೆ ಪ್ರಾರ್ಥನೆಯನ್ನು ಪುಟ್ ಅಪ್ ಮಾಡುವುದೆಂದು ಹದಿನೇಳನೆಯ ಶತಮಾನದವರು ಬರೆಯುತ್ತಿದ್ದರು. ಮೊರೆಯಿಡು ಎಂಬ ನಮ್ಮ ಮಾತಿನಲ್ಲಿಯೂ ಇಡುವುದಿದೆಯೆಂಬುದನ್ನು ಗಮನಿಸಿರಿ. ಟು ಎಂಬ ಅವ್ಯಯವು ಕೊನೆಯಲ್ಲಿ ಸೇರಿತೆಂದರೆ ಅರ್ಥವು ಕೆಡುಕಿನ ಕಡೆಗೆ ತಿರುಗುವುದು; ಒಬ್ಬನನ್ನು ಕೆಟ್ಟ ಕೆಲಸಕ್ಕೆ ಪ್ರಚೋದಿಸುವುದೆಂದಾಗುವುದು. ಇದಕ್ಕೆ ನಾವು ‘ಎತ್ತಿಕಟ್ಟು’ ಎನ್ನುವೆವು. ಇಲ್ಲಿಯೂ ಎತ್ತುವುದು ತಪ್ಪಲಿಲ್ಲ! ಕಳ್ಳರು ಈ ಮಾತನ್ನು ಬಿಟ್ಟವರಲ್ಲ. ಜೇಮ್ಸ್ ಹಾರ್ಡಿ ವಾಕ್ಸ್ ಎಂಬ ಗಡೀಪಾರಾದ ಕೈದಿಯು 1812ರಲ್ಲಿ ಆಸ್ಟ್ರೇಲಿಯಾದಲ್ಲಿ ಕಳ್ಳರ ಗುಟ್ಟಿನ ಮಾತುಗಳ ಪಟ್ಟಿಯೊಂದನ್ನು ಬರೆದನು. ಮುಂದಾಗಿಯೇ ಹೊಂಚಿ ಗೊತ್ತುಮಾಡಿಕೊಂಡ ಕಳ್ಳತನಕ್ಕೆ ಪುಟ್ ಅಪ್ ಎಂಬ ವಿಶೇಷಣವನ್ನು ಅದರಲ್ಲಿ ಕೊಟ್ಟಿದ್ದಾನೆ. ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಇಬ್ಬರು ಪತ್ತೆದಾರರು, ಮನೆಯ ಆಳುಗಳೂ ಸೇರಿಕೊಂಡು ನಡೆಸಿದ ಕಳ್ಳತನವೇ ಅಲ್ಲವೇ ಎಂದು ಚರ್ಚಿಸುವಾಗ ಬಳಸುವುದು ಇದೇ ಮಾತನ್ನು.

ನಮ್ಮ ದೇಶದಲ್ಲಿ ಈ ಕ್ರಿಯಾಪದಕ್ಕೆ ಒಂದು ವಿಶೇಷವಾದ ಉದ್ಯೋಗವೂ ದೊರೆತಿದೆ. ಕಚೇರಿಗಳಲ್ಲಿ ಗುಮಾಸ್ತೆಯು ಕಾಗದಪತ್ರಗಳನ್ನು ಟಿಪ್ಪಣಿಯೊಡನೆ ಮೇಲಧಿಕಾರಿಯ ಮುಂದಿಡುವುದಕ್ಕೆ ಪುಟ್ ಅಪ್ ಎನ್ನುವರು. ಈ ಪ್ರಯೋಗವು ಇಂಡಿಯಾ ದೇಶದ ಕಚೇರಿಗಳಲ್ಲಿ ಬೇರೂರಿದಷ್ಟು ಬೇರೆಲ್ಲಿಯೂ ಕಾಣಬರುವುದಿಲ್ಲ. 1963ರಲ್ಲಿ ನಮ್ಮ ರಾಜ್ಯದ ಆಡಳಿತಭಾಷೆಯ ಕಾನೂನು ಜಾರಿಗೆ ಬಂದ ತರುವಾಯ ಟಿಪ್ಪಣಿಗಳು ಕನ್ನಡಕ್ಕೆ ತಿರುಗಿ, ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆಯುವ ಪದ್ಧತಿಯು ಬಂದಿತು. ಆದರೂ ಯಾವುದಾದರೂ ತಾಲ್ಲೂಕು ಕಚೇರಿಯ ಮೊಗಸಾಲೆಯಲ್ಲಿ ಅರ್ಧ ಗಂಟೆ ನಿಂತರೆ, ‘ಫೈಲು ಪುಟಪ್ ಮಾಡಿದ್ದೀನಿ, ನಾಳೆ ಬನ್ನಿ’ ಎಂಬ ಮಾತು ಕಿವಿಗೆ ಬಿದ್ದೇ ಬೀಳುವುದು. ಅಕ್ಷರ ಬಾರದ ಮುದುಕಿಯೂ ಪಿಂಚಣಿಯ ವಿಚಾರವಾಗಿ ‘ಪುಟಪ್ ಆಯಿತೇನಪ್ಪ?’ ಎಂದು ಕೇಳುವುದನ್ನು ನಾನು ಕಂಡಿದ್ದೇನೆ. ಕನ್ನಡದ ಮಂಡಿಸು ಎಂಬ ಧಾತುವಿಗೆ ಕುಳಿತುಕೊಳ್ಳು ಎಂಬ ಅರ್ಥವೂ ಉಂಟು. ಇಂಗ್ಲೀಷಿನಲ್ಲಿ ಮೇಲಕ್ಕೇರಿದ ಕಡತವು ಕನ್ನಡದಲ್ಲಿ ಕುಳಿತುಬಿಟ್ಟಿತೆಂದು ನಮ್ಮ ಹಿರಿಯ ಕನ್ನಡ ಪಂಡಿತರೊಬ್ಬರು ನಗೆಯಾಡುತ್ತಿದ್ದರು.

ಇನ್ನುಳಿದುದು ತಂಗುವಿಕೆಯ ಅರ್ಥ. ಪ್ರಯಾಣಿಕನು ಛತ್ರಕ್ಕೆ ಬಂದು ಮೊದಲು ಕುದುರೆಯನ್ನು ಲಾಯಕ್ಕೆ ಸೇರಿಸುತ್ತಿದ್ದನು. ಅದು ಕುದುರೆಯನ್ನು ಪುಟ್ ಅಪ್ ಮಾಡಿದುದು. ಕುದುರೆಯು ತಂಗಿದ ಕಡೆ ಸವಾರನೂ ತಂಗಬೇಕಷ್ಟೆ. ಹೀಗೆ ಕುದುರೆಯ ಮಾತು ಮನುಷ್ಯನಿಗೆ ಬಂದಿತು. ಒಬ್ಬರನ್ನು ಮನೆಯಲ್ಲಿರಿಸಿಕೊಂಡು ಉಪಚರಿಸುವುದೂ ಪುಟ್ ಅಪ್, ತಾನೇ ಒಂದು ಕಡೆ ಬಿಡಾರ ಮಾಡುವುದೂ ಪುಟ್ ಅಪ್. ‘ಎಲ್ಲಿ ಪುಟಪ್ ಆಗಿದ್ದೀರಿ?’ ಎಂದು ನಮ್ಮವರು ಕನ್ನಡದಲ್ಲಿಯೂ ಕೇಳುವರು.

ನನ್ನ ಋಣದ ಮಾತು ಇಲ್ಲಿಗೆ ಬರುತ್ತದೆ. ಮೂವತ್ತು ವರ್ಷಗಳಿಗೂ ಹಿಂದೆ, ಹಳ್ಳಿಯಲ್ಲಿ ಹೈಸ್ಕೂಲು ಇಲ್ಲದುದರಿಂದ, ನಾನು ಮಧುಗಿರಿಯಲ್ಲಿದ್ದ ನಮ್ಮ ದೊಡ್ಡಮ್ಮನವರ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆನು. ಅವರು ವಿಧವೆ, ಎರಡು ಹುಣಸೇಮರಗಳೂ ಒಂದು ಹೊಲಿಗೆಯ ಯಂತ್ರವೂ ಅವರ ಆಸ್ತಿ. ಬೆಟ್ಟದ ನೆರಳು ಸಂಜೆ ಬೇಗನೆ ಬೀಳುತ್ತಿದ್ದ ಬೀದಿಯಲ್ಲಿ ಒಂದೇ ಕೊಠಡಿಯ ಮನೆ. ವಿದ್ಯಾರ್ಥಿವೇತನವನ್ನು ಕೊಡುವ ಒಂದು ಸಂಘಕ್ಕೆ ನಾನು ಇಂಗ್ಲೀಷಿನಲ್ಲಿ ಅರ್ಜಿಯನ್ನು ಬರೆದುಕೊಂಡೆನು. ಊರು, ತಂದೆಯ ಕಸುಬು, ಹಾಲಿ ವಾಸ ಇವುಗಳನ್ನು ಹೇಳಬೇಕಾಗಿದ್ದ ಕಡೆಯಲ್ಲಿ, ದೊಡ್ಡಮ್ಮನೊಡನೆ ತಂಗಿದ್ದೇನೆ ಎಂಬರ್ಥದಲ್ಲಿ, ತಂಗು ಎಂಬುದಕ್ಕೆ ಪುಟ್ ಅಪ್ ಎಂದೂ, ಒಡನೆ ಎಂಬುದಕ್ಕೆ ವಿತ್ ಎಂದೂ ಹುಡುಕಿ ಜೋಡಿಸಿದೆನು. ಪ್ರತಿಯೊಂದು ಪದವೂ ನಿಘಂಟಿನಿಂದ ಬಂದುದು. ನನಗೆ ಬಹಳ ಹೆಮ್ಮೆಯೆನಿಸಿತ್ತು.

ಸಂದರ್ಶನಕ್ಕೆ ಕರೆದರು. ಮೇಜಿನಾಚೆ ಕುಳಿತಿದ್ದ ಒಬ್ಬ ಮಹನೀಯರು ನನ್ನ ಅರ್ಜಿಯನ್ನು ನೋಡಿ ಮುಗುಳ್ನಕ್ಕು, ನಿನ್ನ ದೊಡ್ಡಮ್ಮ ಅಷ್ಟು ಕಷ್ಟದವರೇ ಎಂದು ಇಂಗ್ಲೀಷಿನಲ್ಲಿ ಕೇಳಿದರು. ಕಷ್ಟ ಎಂಬುದಕ್ಕೆ ಅವರು ಬಳಸಿದ ಶಬ್ದವನ್ನು ನಾನು ಬಡತನವೆಂದು ತಿಳಿದು, ವಿನಯದಿಂದ, ‘ಎಸ್ ಸರ್, ವೆರಿ’ ಎಂದೆನು. ಎಲ್ಲರೂ ನಕ್ಕರು. ವಿದ್ಯಾರ್ಥಿವೇತನವು ಬರಲಿಲ್ಲ. ಅದಕ್ಕೂ ಆ ವಾಕ್ಯಕ್ಕೂ ಸಂಬಂಧವಿದ್ದಿತೇ ಇಲ್ಲವೇ ಎಂಬುದನ್ನು ನಾನು ಹೇಳಲಾರೆನು. ಆದರೆ ಚಿಕ್ಕ ಊರಾದುದರಿಂದ ಮಾತು ಒಬ್ಬರಿಂದೊಬ್ಬರಿಗೆ ಹರಡಿ, ‘ನಿಮ್ಮ ಹುಡುಗಿ ನಿಮ್ಮನ್ನು ಸಹಿಸಿಕೊಂಡಿದ್ದೇನೆಂದು ಬರೆದಿದ್ದಾಳಂತೆ’ ಎಂಬ ಸುದ್ದಿಯು ಹೊಲಿಗೆಗೆ ಬಟ್ಟೆ ತಂದವರ ಬಾಯಿಂದ ದೊಡ್ಡಮ್ಮನವರ ಕಿವಿಗೆ ತಲಪಿತು.

ಎರಡು ದಿನ ಅವರು ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತನಾಡಿದರು. ಮೂರನೆಯ ರಾತ್ರಿ ಯಂತ್ರಕ್ಕೆ ಎಣ್ಣೆ ಬಿಡುತ್ತಾ ತಲೆಯೆತ್ತದೆಯೇ, ‘ನಾನು ನಿನಗೆ ಅಷ್ಟು ಭಾರವಾದೆನೇನೇ?’ ಎಂದು ಕೇಳಿದರು. ಏನು ನಡೆದಿದೆಯೆಂಬುದೇ ನನಗೆ ತಿಳಿಯದು. ಅಳುತ್ತಾ ಮರುದಿನ ನಮ್ಮ ಇಂಗ್ಲೀಷು ಉಪಾಧ್ಯಾಯಿನಿಯವರ ಬಳಿಗೆ ಹೋದೆನು. ಅವರು ಬೈಯಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದವರು 1946ರಲ್ಲಿ ಪ್ರಕಟಿಸಿದ ಇಂಗ್ಲಿಷ್-ಕನ್ನಡ ನಿಘಂಟಿನ ದಪ್ಪ ಸಂಪುಟವನ್ನು ಬೀರುವಿನಿಂದ ತೆಗೆದು, ಪುಟ್ ಎಂಬುದರ ಕೆಳಗೆ ಬೆರಳನ್ನು ಆಡಿಸುತ್ತಾ ಒಂದೊಂದಾಗಿ ಓದಿಸಿದರು. ಅರ್ಧ ಗಂಟೆಯಾಯಿತು. ಒಂದು ಮಾತಿಗೆ ಚರಿತ್ರೆಯಿರುವುದೆಂಬ ಸಂಗತಿಯು ನನಗೆ ತಿಳಿದುದು ಅಂದೇ. ಆಮೇಲೆ ಅವರೇ ನನ್ನೊಡನೆ ಮನೆಗೆ ಬಂದು, ಹುಡುಗಿ ಬರೆದುದು ‘ನಮ್ಮ ದೊಡ್ಡಮ್ಮ ನನಗೆ ಇರಲು ಜಾಗ ಕೊಟ್ಟಿದ್ದಾರೆ’ ಎಂದೇ, ಓದಿದವರು ಬೇರೆ ಮಾಡಿ ಓದಿದರು ಎಂದು ದೊಡ್ಡಮ್ಮನವರಿಗೆ ಬಿಡಿಸಿ ಹೇಳಿದರು. ದೊಡ್ಡಮ್ಮನವರು ಸ್ವಲ್ಪ ಹೊತ್ತು ಯೋಚಿಸಿ, ‘ಎರಡಕ್ಕೂ ಒಂದೇ ಮಾತು ಇಟ್ಟವರು ಯಾರಮ್ಮ? ಅವರೂ ನೆಂಟರ ಮನೆಯಲ್ಲಿ ಓದಿದವರೇ ಇರಬೇಕು’ ಎಂದರು. ಉಪಾಧ್ಯಾಯಿನಿಯವರು ನಕ್ಕಷ್ಟು ಅಂದು ಮತ್ತೆಂದೂ ನಕ್ಕುದನ್ನು ನಾನು ಕಾಣೆನು.

ಆ ವರ್ಷದ ಫೀಜು ಕೊಟ್ಟವರು ದೊಡ್ಡಮ್ಮನವರೇ. ಹುಣಸೇಹಣ್ಣು ಮಾರಿದ ಹಣವನ್ನು ಅವರು ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಎತ್ತಿಟ್ಟಿದ್ದರು.

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ನನ್ನ ವಾಕ್ಯದಲ್ಲಿ ತಪ್ಪಿರಲಿಲ್ಲವೆಂಬುದನ್ನೂ ಹೇಳಬೇಕು. ತಂಗುವ ಪುಟ್ ಅಪ್ ಎಂಬುದರ ಮುಂದೆ ವಿತ್ ಬರಬಹುದು. ಆದರೆ ಆ ಮೂರು ಪದಗಳು ಒಟ್ಟಿಗೆ ಬಂದೊಡನೆ ಇಂಗ್ಲೀಷಿನ ಕಿವಿಯು ಸಹಿಸುವ ಅರ್ಥವನ್ನೇ ಮೊದಲು ಹಿಡಿಯುವುದು. ಆದ್ದರಿಂದ ಮನೆಯ ಹೆಸರನ್ನು ಹೇಳಿ ಅದರ ಹಿಂದೆ ಅಟ್ ಎಂಬುದನ್ನು ಬಳಸತಕ್ಕದ್ದು. ಇಲ್ಲವೆ ಈ ಗೊಡವೆಯೇ ಬೇಡವೆಂದು ‘ಸ್ಟೇ’ ಎಂದು ಬರೆಯತಕ್ಕದ್ದು. ಹೊರದೇಶದವರಿಗೆ ಬರೆಯುವ ಕಾಗದದಲ್ಲಂತೂ ಇದು ಅವಶ್ಯ. ಅಪ್, ವಿತ್ ಇಂತಹವು ವಾಕ್ಯದ ಕೊನೆಯಲ್ಲಿ ಬಂದರೆ ತಪ್ಪೆಂದು ಕೆಲವರು ಹೆದರಿಸುವರು. ಹಾಗೆ ಬಾರದಂತೆ ತಪ್ಪಿಸಹೋಗಿ ವಾಕ್ಯವು ಎಂತಹ ವಿಕಾರಕ್ಕೆ ಗುರಿಯಾಗುವುದೆಂದು ತೋರಿಸುವ ಪರಿಹಾಸ್ಯವೊಂದು ಪುಟ್ ಅಪ್ ವಿತ್ ಎಂಬುದರ ಮೇಲೆಯೇ ಇದೆ. ಅದನ್ನು ಚರ್ಚಿಲ್ಲರ ಹೆಸರಿಗೆ ಕಟ್ಟಿರುವರು, ಅವರೇ ಹೇಳಿದರೆಂಬುದಕ್ಕೆ ಆಧಾರವಿಲ್ಲ. ಕೊನೆಯಲ್ಲಿ ಬರಲಿ, ಹೆದರಬೇಡಿರಿ.

ಹತ್ತನೆಯ ತರಗತಿಯವರು ಅಭ್ಯಾಸಕ್ಕಾಗಿ ಈ ವಾಕ್ಯಗಳನ್ನು ಇಂಗ್ಲೀಷಿಗೆ ತಿರುಗಿಸಿರಿ. ಅಜ್ಜಿಯು ಹುಣಸೇಹಣ್ಣನ್ನು ಮಡಕೆಯಲ್ಲಿ ಎತ್ತಿಟ್ಟಳು. ನಾವು ಸಿರಾದಲ್ಲಿ ಮಾವನ ಮನೆಯಲ್ಲಿ ತಂಗಿದೆವು. ಗುಮಾಸ್ತೆಯು ಕಡತವನ್ನು ಮಂಡಿಸಿದನು. ನನ್ನ ತಮ್ಮನನ್ನು ನನ್ನ ಮೇಲೆ ಎತ್ತಿಕಟ್ಟಿದವರಾರು? ದಂಡಿನವನು ಕತ್ತಿಯನ್ನು ಒರೆಗೆ ಸೇರಿಸಿದನು. ಈ ಮಾತನ್ನು ನಾನು ಸಹಿಸತಕ್ಕವಳಲ್ಲ. ಇವುಗಳಲ್ಲಿ ಐದಕ್ಕೆ ಪುಟ್ ಅಪ್ ಸಲ್ಲುವುದು, ಒಂದಕ್ಕೆ ಸಲ್ಲದು. ಅದು ಯಾವುದು, ಏಕೆ ಸಲ್ಲದು ಎಂಬುದನ್ನು ಬರೆದುಕೊಂಡು ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕೊಠಡಿಗೆ ಬರಬಹುದು. 1946ರ ಆ ನಿಘಂಟಿನ ಪ್ರತಿಯೊಂದು ಅಲ್ಲಿ ಮೇಜಿನ ಮೇಲೆಯೇ ಇರುವುದು.